ಹಾರ್ಡ್ ಅಂದ್ರೆ ಎಷ್ಟು ಹಾರ್ಡ್? ಮಧ್ಯಯುಗದ ಯುದ್ಧದ ಆಟಗಳ ಲೆಕ್ಕಾಚಾರ

ಹೋದ ಸೆಮಿಸ್ಟರ್‌ನಲ್ಲಿ ಎರಡನೇ ಇಂಟರ್ನಲ್ಸ್ ಮುಗಿದ ರಾತ್ರಿ. ಹಾಸ್ಟೆಲ್‌ನ ನಮ್ಮ ರೂಮಿನಲ್ಲಿ ನಾಲ್ಕು ಲ್ಯಾಪ್‌ಟಾಪ್, ಎರಡು ಎಕ್ಸ್‌ಟೆನ್ಷನ್ ಬೋರ್ಡ್, ಒಂದು ದೊಡ್ಡ ಪ್ಯಾಕೆಟ್ ಖಾರಾ ಮಂಡಕ್ಕಿ. ಆಟ ಯಾವುದು ಅಂತ ಕೇಳಬೇಕಾಗಿಲ್ಲ: ಏಜ್ ಆಫ್ ಎಂಪೈರ್ಸ್ 2. ನಾವು ಹುಟ್ಟೋಕೆ ಮುಂಚೆ, 1999ರಲ್ಲಿ ಬಂದ ಆಟ. 2019ರಲ್ಲಿ ಡೆಫಿನಿಟಿವ್ ಎಡಿಷನ್ ಅಂತ ಹೊಸ ಬಣ್ಣ ಬಳಿಸಿಕೊಂಡು ಮತ್ತೆ ಬಂತು. ನಾವು ನಾಲ್ಕು ಜನ ಒಂದು ಕಡೆ, ಕಂಪ್ಯೂಟರ್‌ನ ನಾಲ್ಕು ರಾಜರು ಇನ್ನೊಂದು ಕಡೆ.

ನಾಲ್ಕನೆಯವನು ಫಸ್ಟ್ ಇಯರ್ ಹುಡುಗ. ಆಟ ಕಲಿತು ಎರಡು ವಾರ ಆಗಿತ್ತಷ್ಟೇ. ಡಿಫಿಕಲ್ಟಿ ಆರಿಸೋ ಜಾಗಕ್ಕೆ ಬಂದಾಗ ಮೆಲ್ಲಗೆ ಕೇಳಿದ: "ಅಣ್ಣ, ಸ್ಟ್ಯಾಂಡರ್ಡ್‌ನಲ್ಲಿ ಹಾಕೋಣ್ವಾ?"

ನಾವು ಮೂರೂ ಜನ ನಕ್ಕೆವು. "ಸ್ಟ್ಯಾಂಡರ್ಡ್ ಅಂತೆ! ಲೋ, ಇದೇನು ಅಂಗನವಾಡಿನಾ?" ಅಂದವನು ನಾನೇ. ಎಕ್ಸ್‌ಟ್ರೀಮ್ ಹಾಕಿದೆವು. ನಲವತ್ತು ನಿಮಿಷದಲ್ಲಿ ನಾಲ್ಕೂ ಊರು ಬೂದಿ. ಮೊದಲು ಹೋಗಿದ್ದು ಅವನ ಊರು. ಆಮೇಲೆ ಅವನು ಅರ್ಧ ಗಂಟೆ ಸುಮ್ಮನೆ ಕೂತು ನಮ್ಮ ಸ್ಕ್ರೀನ್ ನೋಡಿದ. ಮುಂದಿನ ಶನಿವಾರ ಕರೆದರೆ "ರೆಕಾರ್ಡ್ ಬರೀಬೇಕು ಅಣ್ಣ" ಅಂದ. ಅದರ ಮುಂದಿನ ವಾರವೂ ಅದೇ ಉತ್ತರ.

ಅಷ್ಟು ರೆಕಾರ್ಡ್ ಯಾವ ಲ್ಯಾಬಿಗೂ ಇರಲ್ಲ ಅಂತ ನಮಗೆಲ್ಲ ಗೊತ್ತು. ಈ ಲೇಖನ ಬರೆಯೋಕೆ ಅರ್ಧ ಕಾರಣ ಅವನು. ಇನ್ನರ್ಧ ಕಾರಣ ಏನಂದ್ರೆ, ಅವತ್ತು ನಕ್ಕ ನಮಗೇ ಡಿಫಿಕಲ್ಟಿ ಲೆವೆಲ್ ಅಂದ್ರೆ ಏನು ಅಂತ ಗೊತ್ತಿರಲಿಲ್ಲ. ಹಾರ್ಡ್ ಅಂದ್ರೆ ಒಳಗೆ ಏನು ಬದಲಾಗುತ್ತೆ? ಕಂಪ್ಯೂಟರ್ ಬುದ್ಧಿವಂತ ಆಗುತ್ತಾ, ಅಥವಾ ಅದಕ್ಕೆ ಜಾಸ್ತಿ ಚಿನ್ನ ಸಿಗುತ್ತಾ? ಎರಡಕ್ಕೂ ಮದ್ದು ಒಂದೇನಾ? ಬನ್ನಿ, ಇಂಜಿನಿಯರಿಂಗ್ ಓದೋರ ಥರಾನೇ ಬಿಚ್ಚಿ ನೋಡೋಣ.

ಕಷ್ಟ ಹೆಚ್ಚಿಸೋಕೆ ಮೂರು ದಾರಿ

ಆಟ ಮಾಡುವವರ ಕೈಯಲ್ಲಿ ಮುಖ್ಯವಾಗಿ ಮೂರು ತಿರುಪುಗಳಿವೆ.

ಮೊದಲನೆಯದು ಬುದ್ಧಿಯ ತಿರುಪು. ಕಂಪ್ಯೂಟರ್ ಎಷ್ಟು ಬೇಗ ಯೋಚಿಸುತ್ತೆ, ಎಷ್ಟು ಹಳ್ಳಿಗರನ್ನು ಹುಟ್ಟಿಸುತ್ತೆ, ಯಾವಾಗ ದಾಳಿಗೆ ಬರುತ್ತೆ, ಬಾಣ ಬಂದಾಗ ಪಕ್ಕಕ್ಕೆ ಸರಿಯುತ್ತಾ ಇಲ್ವಾ, ಇದನ್ನೆಲ್ಲ ತಿರುಗಿಸೋದು. ಕೆಳಗಿನ ಲೆವೆಲ್‌ನಲ್ಲಿ ಕಂಪ್ಯೂಟರ್ ಬೇಕಂತಲೇ ನಿಧಾನವಾಗಿ ಆಡುತ್ತೆ. ಡೆಫಿನಿಟಿವ್ ಎಡಿಷನ್‌ನಲ್ಲಿ ಈಸಿಯೆಸ್ಟ್, ಸ್ಟ್ಯಾಂಡರ್ಡ್, ಮಾಡರೇಟ್, ಹಾರ್ಡ್, ಹಾರ್ಡೆಸ್ಟ್, ಎಕ್ಸ್‌ಟ್ರೀಮ್ ಅಂತ ಆರು ಮೆಟ್ಟಿಲು. ಅದರ ಹೊಸ ಎಐ ಮೇಲಿನ ಮೆಟ್ಟಿಲಲ್ಲೂ ಪುಕ್ಕಟೆ ಸಂಪನ್ಮೂಲ ತಗೊಳ್ಳಲ್ಲ. ನಮ್ಮನ್ನು ಅವತ್ತು ಸುಟ್ಟ ಎಐ ಮೋಸ ಮಾಡಿರಲಿಲ್ಲ. ನಿಯತ್ತಾಗಿ ಆಡಿ ಗೆದ್ದಿತ್ತು. ಅದು ಗೊತ್ತಾದಾಗ ಇನ್ನೂ ಜಾಸ್ತಿ ಉರೀತು.

ಎರಡನೆಯದು ಸಂಪತ್ತಿನ ತಿರುಪು. 1999ರ ಮೂಲ ಆಟದ ಹಾರ್ಡೆಸ್ಟ್ ಇದೇ ಜಾತಿಯದು: ಎಐಗೆ ಹೆಚ್ಚುವರಿ ಸಂಪನ್ಮೂಲ ಸುಮ್ಮನೆ ಖಾತೆಗೆ ಬಂದು ಬೀಳುತ್ತಿತ್ತು. ಅವತ್ತಿನ ಎಐಗೆ ಒಳ್ಳೆ ಆಟಗಾರನ ಎದುರು ನಿಲ್ಲೋಷ್ಟು ಬುದ್ಧಿ ಇರಲಿಲ್ಲ. ಬುದ್ಧಿ ಕಮ್ಮಿ ಇದ್ದ ಕಡೆ ದುಡ್ಡು ಸುರಿದರು, ಅಷ್ಟೇ.

ಮೂರನೆಯದು ಏಟಿನ ತಿರುಪು. ಟರ್ಕಿಯ ಟೇಲ್‌ವರ್ಲ್ಡ್ಸ್ ಮಾಡಿದ ಮೌಂಟ್ ಅಂಡ್ ಬ್ಲೇಡ್: ವಾರ್‌ಬ್ಯಾಂಡ್ (2010) ಆಡಿದವರಿಗೆ ಇದು ಗೊತ್ತು. ನಿಮಗೆ ಬೀಳೋ ಏಟು ಪೂರ್ತಿ ಇರಬೇಕಾ, ಅರ್ಧ ಸಾಕಾ, ಕಾಲು ಭಾಗ ಸಾಕಾ ಅಂತ ನೀವೇ ಆರಿಸಬಹುದು. ನಿಮ್ಮ ಕಡೆಯವರಿಗೆ ಬೀಳೋ ಏಟಿಗೆ ಬೇರೆ ತಿರುಪು, ಶತ್ರುವಿನ ಚುರುಕಿಗೆ ಬೇರೆ. ಎಲ್ಲ ಆರಿಸಿದ ಮೇಲೆ ಒಟ್ಟು ಕಷ್ಟ ಇಷ್ಟು ಪರ್ಸೆಂಟ್ ಅಂತ ಆಟ ತೋರಿಸುತ್ತೆ. ನನಗೆ ಕಂಡಂತೆ ಇದು ಅತ್ಯಂತ ಪ್ರಾಮಾಣಿಕ ವಿಧಾನ. ಯಾವ ತಿರುಪು ಎಷ್ಟು ತಿರುಗಿದೆ ಅನ್ನೋದು ಕಣ್ಣೆದುರೇ ಇರುತ್ತೆ. ಮೆಡೀವಲ್ 2: ಟೋಟಲ್ ವಾರ್ (2006) ಕೂಡ ರಾಜ್ಯಭಾರದ ಕಷ್ಟ ಬೇರೆ, ರಣರಂಗದ ಕಷ್ಟ ಬೇರೆ ಅಂತ ಎರಡನ್ನೂ ಪ್ರತ್ಯೇಕವಾಗಿ ಕೇಳುತ್ತೆ.

ಈ ಮೂರನ್ನು ಬೇರೆ ಮಾಡಿ ನೋಡೋದು ಯಾಕೆ ಮುಖ್ಯ ಅಂದ್ರೆ, ಮದ್ದು ಬೇರೆ ಬೇರೆ. ಎದುರಾಳಿ ಬುದ್ಧಿವಂತ ಆದರೆ ನಿಮ್ಮ ತಪ್ಪು ಕಡಿಮೆ ಮಾಡ್ಕೋಬೇಕು. ಎದುರಾಳಿಗೆ ಸೈನ್ಯ ಜಾಸ್ತಿ ಆದರೆ ತಪ್ಪೇ ಮಾಡದಿದ್ದರೂ ಸೋಲ್ತೀರಿ, ಯುದ್ಧದ ರೀತಿಯನ್ನೇ ಬದಲಿಸಬೇಕು. ಎಷ್ಟು ಬದಲಿಸಬೇಕು ಅನ್ನೋದಕ್ಕೆ ಒಂದು ಲೆಕ್ಕ ಇದೆ.

ಕಾರು ಮಾಡುತ್ತಿದ್ದವನ ಯುದ್ಧಗಣಿತ

ಫ್ರೆಡರಿಕ್ ಲ್ಯಾಂಚೆಸ್ಟರ್ ಅಂತ ಒಬ್ಬ ಇಂಗ್ಲಿಷ್ ಇಂಜಿನಿಯರ್. ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾರು ಮಾಡುತ್ತಿದ್ದವನು. ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ, ಯುದ್ಧದಲ್ಲಿ ವಿಮಾನಗಳ ಬಳಕೆ ಬಗ್ಗೆ ಒಂದು ಪುಸ್ತಕ ತಂದ. ಅದರಲ್ಲಿ ಯುದ್ಧವನ್ನು ಎರಡು ಡಿಫರೆನ್ಷಿಯಲ್ ಈಕ್ವೇಷನ್‌ಗೆ ಇಳಿಸಿದ್ದ. ಮ್ಯಾಥ್ಸ್ ಪೇಪರ್‌ನಲ್ಲಿ ಬರೋವಷ್ಟೇ ಸರಳ: ನನ್ನ ಸೈನ್ಯ ಕರಗುವ ವೇಗ ನಿನ್ನ ಸೈನ್ಯದ ಸಂಖ್ಯೆಗೆ ಅನುಪಾತದಲ್ಲಿದೆ, ನಿನ್ನ ಸೈನ್ಯ ಕರಗುವ ವೇಗ ನನ್ನ ಸಂಖ್ಯೆಗೆ ಅನುಪಾತದಲ್ಲಿದೆ. ಎರಡನ್ನೂ ಬಿಡಿಸಿದರೆ ಸಿಗುವ ಉತ್ತರದಲ್ಲಿ ಸಂಖ್ಯೆಗಳು ವರ್ಗವಾಗಿ ಕೂತಿರುತ್ತವೆ.

ಉದಾಹರಣೆ ನೋಡಿ. ಒಂದು ಕಡೆ 20 ಬಿಲ್ಲುಗಾರರು, ಇನ್ನೊಂದು ಕಡೆ ಅದೇ ಥರದ 10 ಬಿಲ್ಲುಗಾರರು. ಹತ್ತು ಜನ ಸಾಯೋ ಹೊತ್ತಿಗೆ ಇಪ್ಪತ್ತರಲ್ಲಿ ಎಷ್ಟು ಉಳೀತಾರೆ? "ಹತ್ತು" ಅಂತ ನಾಲಿಗೆ ತುದಿಗೆ ಬರುತ್ತೆ. ಲೆಕ್ಕ ಮಾಡಿ: 20ರ ವರ್ಗ 400, 10ರ ವರ್ಗ 100. ಕಳೆದರೆ 300. ವರ್ಗಮೂಲ 17.3. ಅಂದ್ರೆ 17 ಜನ ಉಳೀತಾರೆ! ಸಾಯೋದು ಬರೀ ಮೂರು. ಇಪ್ಪತ್ತು ಬಿಲ್ಲುಗಾರರು ಒಟ್ಟಿಗೆ ಬಾಣ ಬಿಟ್ಟಾಗ ಎದುರಾಳಿಗಳು ಬೇಗ ಬೀಳ್ತಾರೆ, ಬಿದ್ದವರು ಬಾಣ ಬಿಡಲ್ಲ, ಅದಕ್ಕೆ.

ಇದು ದೂರದಿಂದ ಹೊಡೆಯೋರ ಲೆಕ್ಕ. ಕೈಕೈ ಮಿಲಾಯಿಸುವ ಯುದ್ಧದಲ್ಲಿ ಒಬ್ಬನ ಮುಂದೆ ಒಬ್ಬನೇ ನಿಲ್ಲಬಲ್ಲ, ಹಿಂದಿನ ಸಾಲಿನವರು ಸುಮ್ಮನೆ ಕಾಯಬೇಕು. ಅಲ್ಲಿ ವರ್ಗ ಇಲ್ಲ, ನೇರ ಲೆಕ್ಕ. 20ಕ್ಕೆ 10 ಹೋದರೆ 10 ಉಳೀತಾರೆ. ಲ್ಯಾಂಚೆಸ್ಟರ್ ಎರಡನ್ನೂ ಬೇರೆ ಬೇರೆ ನಿಯಮವಾಗಿ ಹೇಳಿದ್ದಾನೆ: ಹಳೆಯ ಕಾಲದ ಕತ್ತಿಯ ಯುದ್ಧಕ್ಕೆ ರೇಖೀಯ ನಿಯಮ, ಗುರಿಯಿಟ್ಟು ಹೊಡೆಯುವ ಯುದ್ಧಕ್ಕೆ ವರ್ಗ ನಿಯಮ.

ಈಗ ಇದನ್ನು ಡಿಫಿಕಲ್ಟಿ ಲೆವೆಲ್‌ಗೆ ಹಚ್ಚೋಣ. ಯಾವುದೋ ಆಟ ಹಾರ್ಡ್‌ನಲ್ಲಿ ಶತ್ರುವಿಗೆ 30% ಜಾಸ್ತಿ ಸೈನ್ಯ ಕೊಡುತ್ತೆ ಅಂದ್ಕೊಳ್ಳಿ. ನಿಮ್ಮದು 100, ಅವನದು 130. ನೋಡೋಕೆ ಅಂಥ ವ್ಯತ್ಯಾಸ ಅಲ್ಲ. ಆದರೆ ವರ್ಗ ಮಾಡಿ: 10,000 ಮತ್ತು 16,900. ಅವನ ಬಲ ನಿಮಗಿಂತ 69% ಜಾಸ್ತಿ. ಬಯಲಿನಲ್ಲಿ ಎದುರಾಬದುರು ನಿಂತರೆ ನಿಮ್ಮ 100 ಜನರೂ ಸಾಯ್ತಾರೆ, ಅವನ ಕಡೆ 83 ಜನ ಉಳೀತಾರೆ. "ಸ್ವಲ್ಪದರಲ್ಲಿ ತಪ್ಪೋಯ್ತು ಮಗಾ" ಅಂತ ಹೇಳೋಕೂ ಆಗದ ಸೋಲು. ಒಂದು ಮೆಟ್ಟಿಲು ಮೇಲೆ ಹೋದ ಕೂಡಲೇ ಆಟ ದಿಢೀರ್ ಅಸಾಧ್ಯ ಅನ್ನಿಸೋದು ಇದಕ್ಕೇ. ತಿರುಪು ಸ್ವಲ್ಪವೇ ತಿರುಗಿದ್ದು, ಪರಿಣಾಮ ವರ್ಗವಾಗಿ ಬಂದು ಬಡೀತು.

ಇದೇ ಲೆಕ್ಕವನ್ನು ತಿರುಗಿಸಿ ಓದಿದರೆ ಗೆಲ್ಲುವ ದಾರಿಯೂ ಸಿಗುತ್ತೆ. ನಮಗೆ ಬೇಕಾಗಿರೋದು ಆ 1.69ನ್ನು ಎಲ್ಲಿಂದಲಾದರೂ ಹುಟ್ಟಿಸೋದು. ಅದನ್ನೇ ತಂತ್ರ ಅನ್ನೋದು.

ತಂತ್ರ 1: ದಿಬ್ಬ ಹತ್ತಿ

ಏಜ್ ಆಫ್ ಎಂಪೈರ್ಸ್ 2ರಲ್ಲಿ ಎತ್ತರದ ಜಾಗದಿಂದ ಹೊಡೆದರೆ ಏಟು 25% ಹೆಚ್ಚು, ತಗ್ಗಿನಿಂದ ಮೇಲಕ್ಕೆ ಹೊಡೆದರೆ 25% ಕಡಿಮೆ. ನೀವು ದಿಬ್ಬದ ಮೇಲೆ, ಅವನು ಕೆಳಗೆ ಇದ್ದರೆ ನಿಮ್ಮ ಏಟು 1.25, ಅವನದು 0.75. ಭಾಗಿಸಿದರೆ 1.67.

ನಮಗೆ ಬೇಕಾಗಿದ್ದು ಎಷ್ಟು? 1.69. ಅಂದ್ರೆ ಒಂದು ಸಾಮಾನ್ಯ ದಿಬ್ಬ ಆ 30% ಹೆಚ್ಚುವರಿ ಸೈನ್ಯವನ್ನು ಹೆಚ್ಚೂಕಡಿಮೆ ನುಂಗಿ ಹಾಕುತ್ತೆ! ಒಂದು ಪೈಸೆ ಖರ್ಚಿಲ್ಲ, ಹತ್ತು ಹೆಜ್ಜೆ ಪಕ್ಕಕ್ಕೆ ನಿಂತರೆ ಸಾಕು. ಈ ಲೆಕ್ಕ ಮಾಡೋವರೆಗೂ ನಾನು ಮ್ಯಾಪಿನಲ್ಲಿ ದಿಬ್ಬ ಇರೋದನ್ನೇ ಗಮನಿಸಿರಲಿಲ್ಲ.

ತಂತ್ರ 2: ಅವನನ್ನು ತುಂಡು ಮಾಡಿ

ಅವನ 130 ಜನ ಒಟ್ಟಿಗೆ ಬರದೆ 65, 65 ಆಗಿ ಎರಡು ಕಂತಿನಲ್ಲಿ ಬಂದರೆ? ನಿಮ್ಮ 100 ಮೊದಲ 65ನ್ನು ಎದುರಿಸುತ್ತೆ: 10,000ದಲ್ಲಿ 4,225 ಕಳೆದರೆ 5,775, ಅಂದ್ರೆ 76 ಜನ ಉಳೀತೀರಿ. ಎರಡನೇ 65 ಬಂದಾಗ 5,775ರಲ್ಲಿ ಮತ್ತೆ 4,225 ಕಳೀರಿ: 1,550. ವರ್ಗಮೂಲ 39. ಅದೇ ಸೈನ್ಯ, ಅದೇ ಆಯುಧ, ಆದರೆ ಈ ಸಲ ನೀವು 39 ಜನ ಉಳಿಸಿಕೊಂಡು ಗೆದ್ದಿರಿ.

ಅವನು ಯಾಕೆ ಕಂತಿನಲ್ಲಿ ಬರ್ತಾನೆ? ಸೈನ್ಯದಲ್ಲಿ ಎಲ್ಲರ ವೇಗ ಒಂದೇ ಇರಲ್ಲ. ಈ ಆಟದಲ್ಲಿ ನೈಟ್ ಅಂದರೆ ಕವಚ ತೊಟ್ಟ ರಾವುತನ ವೇಗ 1.35, ಕಲ್ಲೆಸೆಯುವ ಮ್ಯಾಂಗೊನೆಲ್ ಯಂತ್ರದ್ದು 0.6. ದೂರದಿಂದ ಓಡಿ ಬರೋ ಸೈನ್ಯ ಜಾತ್ರೆಗೆ ಹೊರಟ ಗಾಡಿಗಳ ಸಾಲಿನ ಹಾಗೆ ಉದ್ದಕ್ಕೆ ಎಳೆದುಕೊಳ್ಳುತ್ತೆ. ನೀವು ಅವನ ಊರಿಗೆ ನುಗ್ಗಿದರೆ ನಿಮ್ಮದೂ ಹಾಗೇ ಆಗುತ್ತೆ. ಅದಕ್ಕೇ ದಾಳಿಗೆ ಮುಂಚೆ ಎಲ್ಲರನ್ನೂ ಒಂದು ಕಡೆ ಸೇರಿಸಿ ಹೊರಡಿ, ಹುಟ್ಟಿದವರನ್ನು ಹುಟ್ಟಿದ ಹಾಗೆ ಒಬ್ಬೊಬ್ಬರಾಗಿ ಕಳಿಸಬೇಡಿ.

ಇತಿಹಾಸದಲ್ಲಿ ಇದಕ್ಕೆ ಚೊಕ್ಕ ಉದಾಹರಣೆ ಸ್ಕಾಟ್ಲೆಂಡ್‌ನ ಸ್ಟರ್ಲಿಂಗ್ ಸೇತುವೆ, 1297. ಇಂಗ್ಲಿಷ್ ಸೈನ್ಯ ಕಿರಿದಾದ ಸೇತುವೆ ದಾಟಿ ಬರಬೇಕಿತ್ತು. ವಿಲಿಯಂ ವ್ಯಾಲೇಸ್ ಮತ್ತು ಆಂಡ್ರ್ಯೂ ಮೊರೆ ಒಂದು ಭಾಗ ದಾಟೋವರೆಗೂ ಕಾದರು. ಆಮೇಲೆ ಇಳಿದು ಬಂದು ದಾಟಿದವರನ್ನು ಮುಗಿಸಿದರು. ಹೊಳೆಯ ಆಚೆ ದಡದಲ್ಲಿದ್ದವರು ನೋಡುತ್ತಾ ನಿಂತರು, ಅವರ ಸಂಖ್ಯೆ ಲೆಕ್ಕಕ್ಕೇ ಬರಲಿಲ್ಲ. ಆಟದ ಪಾಠಮಾಲೆಯ ನಾಯಕನಾಗಿ ಇದೇ ವ್ಯಾಲೇಸ್‌ನನ್ನು ಇಟ್ಟಿರೋದು ನೆನಪಿರಬಹುದು.

ತಂತ್ರ 3: ಬಾಗಿಲಲ್ಲಿ ನಿಲ್ಲಿ

ವರ್ಗ ನಿಯಮ ನಿಮ್ಮ ವಿರುದ್ಧ ಇದ್ದರೆ ಯುದ್ಧವನ್ನು ರೇಖೀಯ ನಿಯಮಕ್ಕೆ ಎಳೆದು ತನ್ನಿ. ಗೋಡೆಯ ಸಂದು, ಕಾಡಿನ ನಡುವಿನ ಓಣಿ, ಹೊಳೆ ದಾಟುವ ಜಾಗ. ಅಲ್ಲಿ ಐದು ಜನ ಮಾತ್ರ ಎದುರಾಗಬಹುದು ಅಂದ್ರೆ ಅವನ ಹಿಂದಿನ 125 ಜನ ಪ್ರೇಕ್ಷಕರು. ನಿಮ್ಮ ಬಿಲ್ಲುಗಾರರು ಮಾತ್ರ ಹಿಂದೆ ನಿಂತು ಪೂರ್ತಿ ಬಲ ಬಳಸ್ತಿರ್ತಾರೆ. ನಿಮಗೆ ವರ್ಗ, ಅವನಿಗೆ ನೇರ.

1415ರ ಅಜಿನ್‌ಕೋರ್ಟ್ ಯುದ್ಧದಲ್ಲಿ ಹೆಚ್ಚು ಸಂಖ್ಯೆಯಲ್ಲಿದ್ದ ಫ್ರೆಂಚರು ಎರಡು ಕಾಡುಗಳ ನಡುವಿನ ಕಿರಿದಾದ, ಉತ್ತಿದ, ಮಳೆಯಿಂದ ಕೆಸರಾದ ಹೊಲದಲ್ಲಿ ಮುನ್ನುಗ್ಗಬೇಕಾಯಿತು. ಎದುರಿಗೆ ಮೊನಚು ಗೂಟ ನೆಟ್ಟು ನಿಂತ ಇಂಗ್ಲಿಷ್ ಬಿಲ್ಲುಗಾರರು. ಹಿಂದಿನವರು ನೂಕಿದಷ್ಟೂ ಮುಂದಿನವರಿಗೆ ಕೈ ಆಡಿಸೋಕೂ ಜಾಗ ಇಲ್ಲದಂತಾಯಿತು. ಸಂಖ್ಯೆಯೇ ಭಾರವಾಯಿತು.

ಒಂದು ಎಚ್ಚರಿಕೆ: ಗುಂಪಾಗಿ ನಿಂತವರಿಗೆ ಮ್ಯಾಂಗೊನೆಲ್ ಯಮ. ಅದರ ಕಲ್ಲು ಒಬ್ಬನಿಗಲ್ಲ, ಸುತ್ತಲಿನವರಿಗೆಲ್ಲ ತಾಗುತ್ತೆ. ಕಲ್ಲು ಗಾಳಿಯಲ್ಲಿರೋವಾಗಲೇ ಬಿಲ್ಲುಗಾರರನ್ನು ಎರಡು ಗುಂಪು ಮಾಡಿ ಪಕ್ಕಕ್ಕೆ ಸರಿಸಿ. ಮೇಲಿನ ಲೆವೆಲ್‌ನ ಎಐ ಇದನ್ನು ಮಾಡುತ್ತೆ. ನಾವು ಮಾಡಿರಲಿಲ್ಲ.

ತಂತ್ರ 4: ಕುದುರೆಗೆ ಈಟಿ

ಈ ಆಟದ ಏಟಿನ ಸೂತ್ರ ಸುಲಭ: ಹೊಡೆತದ ಬಲದಿಂದ ಎದುರಾಳಿಯ ಕವಚ ಕಳೀರಿ, ವಿಶೇಷ ಬೋನಸ್ ಇದ್ದರೆ ಕೂಡಿಸಿ. ಏನೇ ಆದರೂ ಕನಿಷ್ಠ 1.

ಯಾವ ಅಪ್‌ಗ್ರೇಡೂ ಇಲ್ಲದ ನೈಟ್ ತಗೊಳ್ಳಿ. ಪ್ರಾಣ 100, ಏಟು 10, ಕವಚ 2. ಬೆಲೆ 60 ಆಹಾರ, 75 ಚಿನ್ನ. ಎದುರಿಗೆ ಪೈಕ್‌ಮ್ಯಾನ್, ಅಂದ್ರೆ ಉದ್ದ ಈಟಿಯ ಕಾಲಾಳು. ಪ್ರಾಣ 55, ಏಟು ಬರೀ 4. ಬೆಲೆ 35 ಆಹಾರ, 25 ಮರ. ಚಿನ್ನವೇ ಬೇಡ. ಬೋನಸ್ ಇಲ್ಲದಿದ್ದರೆ ಈಟಿಯವನ ಏಟು 4ರಲ್ಲಿ 2 ಕಳೆದು 2. ನೈಟ್ ಬೀಳೋಕೆ 50 ಏಟು ಬೇಕು. ಆದರೆ ಕುದುರೆಯ ಮೇಲೆ ಅವನಿಗೆ 22 ಬೋನಸ್. ಏಟು 24, ಐದೇ ಏಟಿಗೆ ನೈಟ್ ನೆಲಕ್ಕೆ.

ಆದರೂ ಒಬ್ಬನಿಗೆ ಒಬ್ಬ ನಿಂತರೆ ನೈಟ್ ಗೆಲ್ಲಬಹುದು. ಅವನು ಸುಮಾರು 1.8 ಸೆಕೆಂಡಿಗೊಂದು ಏಟು ಹಾಕ್ತಾನೆ, ಈಟಿಯವನು ಸುಮಾರು 3 ಸೆಕೆಂಡಿಗೊಂದು. ಇಲ್ಲಿ ನೋಡಬೇಕಾಗಿರೋದು ಬೆಲೆ. ಒಬ್ಬ ನೈಟ್‌ನ 135ಕ್ಕೆ ಇಬ್ಬರು ಈಟಿಯವರು ಬಂದು 15 ಉಳಿಯುತ್ತೆ. ಇಬ್ಬರು ಸೇರಿದರೆ ಮೂರನೇ ಸುತ್ತಿನ ಏಟಿಗೆ ನೈಟ್ ಸತ್ತ, ಆ ಹೊತ್ತಿಗೆ ಅವನು ಒಬ್ಬನನ್ನೂ ಪೂರ್ತಿ ಮುಗಿಸಿರಲ್ಲ. ಶತ್ರುವಿಗೆ ಪುಕ್ಕಟೆ ಚಿನ್ನ ಸಿಕ್ಕರೂ ಅವನು ಅದನ್ನು ನೈಟ್‌ಗಳಿಗೇ ಸುರಿಯುವಂತೆ ಮಾಡಿ, ನೀವು ಮರ-ಅನ್ನದಲ್ಲಿ ತೀರಿಸಿಕೊಳ್ಳಬಹುದು.

ಹಾಗಂತ ಈಟಿ ಒಂದೇ ಕಟ್ಟಿಕೊಂಡು ಕೂತರೆ? ವ್ಯಾಲೇಸ್‌ಗೆ ಆಗಿದ್ದೇ ಆಗುತ್ತೆ. ಸ್ಟರ್ಲಿಂಗ್ ಗೆದ್ದ ಮರುವರ್ಷ, 1298ರಲ್ಲಿ, ಫಾಲ್ಕರ್ಕ್‌ನಲ್ಲಿ ಅವನ ಈಟಿಯ ದುಂಡು ವ್ಯೂಹಗಳು ಇಂಗ್ಲಿಷ್ ರಾವುತರನ್ನು ತಡೆದವು. ಆದರೆ ಒಂದನೇ ಎಡ್ವರ್ಡ್ ರಾವುತರನ್ನು ಹಿಂದಕ್ಕೆ ಕರೆಸಿ ಬಿಲ್ಲುಗಾರರನ್ನು ಮುಂದೆ ಬಿಟ್ಟ. ಅಲುಗಾಡದೆ ನಿಂತ ಈಟಿಗಾರರು ಬಾಣಕ್ಕೆ ಸುಲಭ ಗುರಿ. ಬಿಲ್ಲುಗಾರರನ್ನು ಓಡಿಸಬೇಕಿದ್ದ ಸ್ಕಾಟಿಷ್ ಕುದುರೆಗಳು ಆಗಲೇ ರಣರಂಗ ಬಿಟ್ಟಿದ್ದವು. ಈಟಿ ಕುದುರೆಯನ್ನು ಮುರಿಯುತ್ತೆ, ಬಾಣ ಈಟಿಯನ್ನು ಮುರಿಯುತ್ತೆ, ಕುದುರೆ ಬಿಲ್ಲುಗಾರನನ್ನು ತುಳಿಯುತ್ತೆ. ಈ ಮೂರರ ಚಕ್ರದಲ್ಲಿ ಒಂದು ಕಡ್ಡಿ ಮುರಿದರೂ ಗಾಡಿ ಪಲ್ಟಿ. ಪಾಠಮಾಲೆಯ ಕೊನೆಯ ಆಟವೂ ಫಾಲ್ಕರ್ಕೇ. ವ್ಯಾಲೇಸ್ ಸೋತದ್ದನ್ನು ಅಲ್ಲಿ ನೀವು ಗೆಲ್ಲಬಹುದು.

ನಡುವೆ ಒಂದು ಮಾತು: ಆ ಉಕ್ಕು ನಮ್ಮದು

ಕವಚದ ವಿಷಯ ಬಂತಲ್ಲ, ಮೆಕ್ಯಾನಿಕಲ್‌ನವರು ಕಿವಿ ಕೊಡಿ. 2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾ ವಿಸ್ತರಣೆಯಲ್ಲಿ ದ್ರಾವಿಡರು ಅನ್ನೋ ನಾಗರಿಕತೆ ಇದೆ. ಅವರ ಕಥೆ ರಾಜೇಂದ್ರ ಚೋಳನದು. ಅವರಿಗೆ ನೈಟ್ ಇಲ್ಲ. ದಕ್ಷಿಣದಲ್ಲಿ ಒಳ್ಳೆ ಯುದ್ಧದ ಕುದುರೆಗೆ ಯಾವಾಗಲೂ ಬರವೇ. ಮುಂದೆ ವಿಜಯನಗರದ ಅರಸರೂ ಭಟ್ಕಳದಂಥ ಬಂದರುಗಳಲ್ಲಿ ಇಳಿಯುತ್ತಿದ್ದ ಅರಬ್ ಕುದುರೆಗಳಿಗೆ ದುಡ್ಡು ಸುರಿದವರೇ.

ಕುದುರೆ ಕಿತ್ತುಕೊಂಡ ಆಟ ಬದಲಿಗೆ ಅವರಿಗೆ ಕೊಟ್ಟಿರೋದು ವೂಟ್ಜ್ ಸ್ಟೀಲ್ ಅನ್ನೋ ತಂತ್ರಜ್ಞಾನ. ಅದು ಬಂದ ಮೇಲೆ ಅವರ ಕಾಲಾಳು ಮತ್ತು ಸವಾರರ ಏಟು ಎದುರಾಳಿಯ ಕವಚವನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಏಟು 10, ಕವಚ 5 ಇದ್ದರೆ ಬೇರೆಯವರಿಗೆ ಸಿಗೋದು 5, ಇವರಿಗೆ ಪೂರ್ತಿ 10. ಒಂದೇ ಏಟಿಗೆ ಎರಡು ಪಟ್ಟು. ವೂಟ್ಜ್ ಅನ್ನೋ ಹೆಸರು ಬಂದದ್ದು ನಮ್ಮ "ಉಕ್ಕು" ಪದದಿಂದ ಅಂತ ಸಾಮಾನ್ಯವಾಗಿ ಹೇಳ್ತಾರೆ. ಮಟೀರಿಯಲ್ಸ್ ಕ್ಲಾಸಿನಲ್ಲಿ ಇಂಗಾಲ ಜಾಸ್ತಿ ಇರೋ ಮೂಸೆಯ ಉಕ್ಕು ಅಂತ ಓದಿದ್ದು ಇದನ್ನೇ.

ತಂತ್ರ 5: ಮನಸ್ಸು ಮುರಿಯಿರಿ

ಲ್ಯಾಂಚೆಸ್ಟರ್ ಲೆಕ್ಕದಲ್ಲಿ ಒಂದು ತೂತು ಇದೆ. ಅದರಲ್ಲಿ ಕೊನೆಯವನು ಸಾಯೋವರೆಗೂ ಎಲ್ಲರೂ ಹೋರಾಡ್ತಾರೆ. ನಿಜವಾದ ಮನುಷ್ಯರು ಹಾಗಿಲ್ಲ, ಹೆದರಿದರೆ ಓಡ್ತಾರೆ. ಟೋಟಲ್ ವಾರ್ ಸರಣಿ ಕಟ್ಟಿರೋದೇ ಈ ಸತ್ಯದ ಮೇಲೆ. ಅಲ್ಲಿ ಪ್ರತಿ ತುಕಡಿಗೂ ಧೈರ್ಯದ ಒಂದು ಅಳತೆ ಇದೆ. ಪಕ್ಕದಿಂದ ಏಟು ಬಿದ್ದರೆ ಇಳಿಯುತ್ತೆ, ಬೆನ್ನಿಗೆ ಬಿದ್ದರೆ ಇನ್ನೂ ಇಳಿಯುತ್ತೆ. ಸುಸ್ತಾದರೆ, ಸೇನಾಪತಿ ಸತ್ತರೆ, ಪಕ್ಕದ ತುಕಡಿ ಓಡಿದರೆ ಇಳಿಯುತ್ತೆ. ಒಂದು ಮಿತಿ ದಾಟಿದರೆ ಬಿಳಿ ಬಾವುಟ ಹಿಡಿದು ಓಟ.

ಅದಕ್ಕೇ ಅಲ್ಲಿ ಸುತ್ತಿಗೆ ಮತ್ತು ಅಡಿಗಲ್ಲಿನ ತಂತ್ರ ಅಷ್ಟು ಚೆನ್ನಾಗಿ ನಡೆಯುತ್ತೆ. ಈಟಿಗಾರರು ಮುಂದೆ ನಿಂತು ಹಿಡಿದುಕೊಳ್ಳೋದು, ಅದು ಅಡಿಗಲ್ಲು. ರಾವುತರು ಸುತ್ತು ಹೊಡೆದು ಬೆನ್ನಿಗೆ ಅಪ್ಪಳಿಸೋದು, ಅದು ಸುತ್ತಿಗೆ. ಅಪ್ಪಳಿಸಿದ ಮೇಲೆ ಅಲ್ಲೇ ಗುದ್ದಾಡುತ್ತಾ ನಿಲ್ಲಬೇಡಿ. ರಾವುತರ ಬಲ ಇರೋದು ಓಡಿ ಬಂದು ಗುದ್ದುವ ಆ ಮೊದಲ ಕ್ಷಣದಲ್ಲಿ. ಹಿಂದೆ ಸರಿಸಿ, ಮತ್ತೆ ಓಡಿಸಿ. ಈ ಸರಣಿಯ ಹಲವು ಆಟಗಳಲ್ಲಿ ಮೇಲಿನ ಲೆವೆಲ್‌ಗೆ ಹೋದಂತೆ ಶತ್ರುವಿನ ಧೈರ್ಯಕ್ಕೂ ಬೋನಸ್ ಸಿಗುತ್ತೆ. ಆಗ ಒಂದೇ ಗುದ್ದಿಗೆ ಓಡೋರು ಎರಡು ಮೂರು ಗುದ್ದಿಗೆ ಓಡ್ತಾರೆ. ಅಡಿಗಲ್ಲು ಅಷ್ಟು ಹೊತ್ತು ತಡೆಯೋ ಹಾಗೆ ಗಟ್ಟಿಯಾಗಿರಬೇಕು, ಅಷ್ಟೇ ವ್ಯತ್ಯಾಸ.

ಹೆದರಿದಂತೆ ನಟಿಸೋದೂ ಒಂದು ತಂತ್ರವೇ. 1223ರಲ್ಲಿ ಜೆಬೆ ಮತ್ತು ಸುಬುತಾಯಿಯ ಮಂಗೋಲರು ಹಲವು ದಿನ ಹಿಂದೆ ಸರಿಯುತ್ತಾ ರುಸ್ ರಾಜರ ಸೈನ್ಯವನ್ನು ಎಳೆದುಕೊಂಡು ಹೋದರು. ಕಾಲ್ಕಾ ನದಿಯ ಹತ್ತಿರ, ಬೆನ್ನಟ್ಟಿದವರು ಚದುರಿ ಹೋಗಿದ್ದಾಗ ತಿರುಗಿಬಿದ್ದರು. ಇದು ಎರಡನೇ ತಂತ್ರವೇ, ಆದರೆ ತುಂಡು ಮಾಡುವ ಕೆಲಸವನ್ನು ಶತ್ರುವಿನ ಕೈಯಲ್ಲೇ ಮಾಡಿಸಿದ್ದು. ಎಐ ಬೆನ್ನಟ್ಟೋಕೆ ಬೇಗ ಆಸೆ ಪಡುತ್ತೆ. ಮಂಗೋಲರ ಮಂಗುಡಾಯ್ ಕುದುರೆ ಬಿಲ್ಲುಗಾರರು ಸಿಕ್ಕರೆ ಒಮ್ಮೆ ಮಾಡಿ ನೋಡಿ.

ಯುದ್ಧಕ್ಕೆ ಮುಂಚೆಯೇ ಸೋತಿದ್ದು

ಇಷ್ಟೆಲ್ಲ ಓದಿಕೊಂಡು ನಾನು ನಮ್ಮ ಆ ರಾತ್ರಿಯ ಆಟದ ರೆಕಾರ್ಡಿಂಗ್ ಹಾಕಿ ನೋಡಿದೆ. ಯಾವ ದಿಬ್ಬ ತಪ್ಪಿಸಿಕೊಂಡೆ ಅಂತ ಹುಡುಕೋಕೆ. ಸಿಕ್ಕಿದ್ದು ಬೇರೆ.

ಒಬ್ಬ ಹಳ್ಳಿಗನಿಗೆ 50 ಆಹಾರ, ಹುಟ್ಟೋಕೆ 25 ಸೆಕೆಂಡು. ಆಟದ ಮೊದಲ ಹತ್ತು ನಿಮಿಷದಲ್ಲಿ ನನ್ನ ಟೌನ್ ಸೆಂಟರ್ ಒಟ್ಟು ಎರಡು ನಿಮಿಷಕ್ಕಿಂತ ಜಾಸ್ತಿ ಸುಮ್ಮನೆ ಕೂತಿತ್ತು. ಎರಡು ನಿಮಿಷ ಅಂದ್ರೆ 120 ಸೆಕೆಂಡು, ಹತ್ತಿರ ಹತ್ತಿರ ಐದು ಹಳ್ಳಿಗರು. ಆ ಐದು ಜನ ಉಳಿದ ಅರ್ಧ ಗಂಟೆ ಕಡಿಯಬೇಕಿದ್ದ ಮರ, ಅಗೆಯಬೇಕಿದ್ದ ಚಿನ್ನ ಎಲ್ಲ ಹೋಯ್ತು. ಅಷ್ಟು ಸೈನ್ಯ ಕಡಿಮೆ, ಅದರ ವರ್ಗದಷ್ಟು ಬಲ ಕಡಿಮೆ. ಎಐಗೆ ಯಾರೂ ಪುಕ್ಕಟೆ 30% ಕೊಟ್ಟಿರಲಿಲ್ಲ. ಕೊಟ್ಟವನು ನಾನೇ.

ಇನ್ನೊಂದೂ ಕಾಣಿಸಿತು. ಆ ಜೂನಿಯರ್‌ನ ಟೌನ್ ಸೆಂಟರ್ ನನ್ನದಕ್ಕಿಂತ ಕಡಿಮೆ ಹೊತ್ತು ಖಾಲಿ ಕೂತಿತ್ತು. ಅವನ ಊರು ಮೊದಲು ಬಿದ್ದಿದ್ದು ಯಾಕೆ ಅಂದ್ರೆ ಶತ್ರು ಇಬ್ಬರು ಸೇರಿ ಅವನ ಮೇಲೆ ಬಿದ್ದಿದ್ದರು. ಅವನು ಮ್ಯಾಪಿನಲ್ಲಿ ಮೂರು ಸಲ ಗಂಟೆ ಬಾರಿಸಿ ಸಹಾಯ ಕೇಳಿದ್ದ. ನಾವು ಯಾರೂ ಹೋಗಿರಲಿಲ್ಲ. ನಾಲ್ಕು ಜನರ ಸೈನ್ಯವನ್ನು ನಾವೇ ತುಂಡು ಮಾಡಿಕೊಂಡು, ಒಂದೊಂದು ತುಂಡಾಗಿ ಸೋತಿದ್ದೆವು. ಎರಡನೇ ತಂತ್ರ ನಮ್ಮ ಮೇಲೇ ನಡೆದಿತ್ತು, ನಾವು ಮಂಡಕ್ಕಿ ತಿನ್ನುತ್ತಿದ್ದೆವು.

ಹಾಗಾದ್ರೆ ಯಾವ ಲೆವೆಲ್ ಆರಿಸಬೇಕು?

ನಾನು ಈಗ ಪಾಲಿಸೋ ನಿಯಮ ಒಂದೇ: ಸೋತ ಮೇಲೆ ಯಾಕೆ ಸೋತೆ ಅಂತ ಒಂದೇ ವಾಕ್ಯದಲ್ಲಿ ಹೇಳೋಕಾಗಬೇಕು. "ಈಟಿ ಕಟ್ಟಲಿಲ್ಲ, ನೈಟ್ ಬಂದ", "ಚಿನ್ನ ಖಾಲಿ ಆಯ್ತು, ನೋಡ್ಕೊಂಡಿರಲಿಲ್ಲ", ಹೀಗೆ. ಹೇಳೋಕಾದರೆ ಅದೇ ಲೆವೆಲ್‌ನಲ್ಲಿರಿ, ಅಲ್ಲಿ ಕಲಿಯೋಕಿದೆ. "ಏನಾಯ್ತೋ ಗೊತ್ತಿಲ್ಲ, ಎಲ್ಲಾ ಹೋಯ್ತು" ಅಂತ ಅನ್ನಿಸಿದರೆ ಒಂದು ಮೆಟ್ಟಿಲು ಇಳೀರಿ. ತಪ್ಪು ಕಣ್ಣಿಗೆ ಕಾಣೋಷ್ಟು ಬೆಳಕು ಇರೋ ಕಡೆ ಅಭ್ಯಾಸ ಮಾಡಬೇಕು. ಯೋಚನೆ ಮಾಡದೇ ಗೆಲ್ತಿದ್ದರೆ ಒಂದು ಮೆಟ್ಟಿಲು ಹತ್ತಿ.

ಹೊಸಬರಿಗೆ ಡೆಫಿನಿಟಿವ್ ಎಡಿಷನ್‌ನಲ್ಲಿ ಆರ್ಟ್ ಆಫ್ ವಾರ್ ಅಂತ ಚಿಕ್ಕ ಚಿಕ್ಕ ಅಭ್ಯಾಸಗಳಿವೆ. ಒಂದು ಬರೀ ಊರು ಬೆಳೆಸೋದಕ್ಕೆ, ಇನ್ನೊಂದು ಬೇಗ ದಾಳಿ ಮಾಡೋದಕ್ಕೆ, ಹೀಗೆ. ಪದಕವನ್ನೂ ಕೊಡುತ್ತೆ. ಹಳಬರೂ ಆಡಿ ನೋಡಿ, ನನಗೆ ಮೊದಲ ಸಲ ಕಂಚೂ ಬರಲಿಲ್ಲ.

ಚಿಕ್ಕಂದಿನಲ್ಲಿ ಊರ ಗುಡಿಯ ಕಟ್ಟೆಯ ಕಲ್ಲಿನ ಮೇಲೆ ಆಡು-ಹುಲಿ ಆಟ ಆಡಿದ್ದು ನೆನಪಿದೆಯಾ? ಕಡಿಮೆ ಹುಲಿ, ಜಾಸ್ತಿ ಆಡು. ಎರಡು ಕಡೆಯ ಬಲ ಸಮ ಅಲ್ಲವೇ ಅಲ್ಲ. ಹೊಸಬರು ಬಂದರೆ ದೊಡ್ಡವರು ಆಡನ್ನೋ ಹುಲಿಯನ್ನೋ ಅವರಿಗೆ ತಕ್ಕ ಹಾಗೆ ಕೊಟ್ಟು ಕೂರಿಸುತ್ತಿದ್ದರು. ಅದೂ ಡಿಫಿಕಲ್ಟಿ ಲೆವೆಲ್ಲೇ. ಅದನ್ನು ನೋಡಿ ಯಾರೂ ನಗುತ್ತಿರಲಿಲ್ಲ.

ಹೋದ ವಾರ ಅವನ ರೂಮಿಗೆ ಹೋಗಿದ್ದೆ. ರೆಕಾರ್ಡ್ ಬರೀತಿರಲಿಲ್ಲ, ಆಟ ಆಡ್ತಿದ್ದ. ಮಾಡರೇಟ್. ಗ್ರಾಫಿಕ್ಸ್ ಎಲ್ಲ ಕಡಿಮೆಗೆ ಇಳಿಸಿದ್ದ, ದಿಬ್ಬದ ಮೇಲೆ ಬಿಲ್ಲುಗಾರರನ್ನು ಸಾಲಾಗಿ ನಿಲ್ಲಿಸಿದ್ದ. "ಇದು ಯಾರು ಹೇಳಿಕೊಟ್ರೋ?" ಅಂದೆ. "ಯಾರೂ ಇಲ್ಲ ಅಣ್ಣ, ಸೋತು ಸೋತು ಗೊತ್ತಾಯ್ತು" ಅಂದ. ಅವತ್ತು ನಕ್ಕಿದ್ದಕ್ಕೆ ಸಾರಿ ಅಂತ ಹೇಳಿದೆ. ಅವನು ಸ್ಕ್ರೀನ್‌ನಿಂದ ಕಣ್ಣು ತೆಗೆಯದೆ "ಸ್ವಲ್ಪ ಇರಿ ಅಣ್ಣ, ನೈಟ್ಸ್ ಬರ್ತಿದಾರೆ" ಅಂದ. ಕಾದೆ. ಈಟಿಯವರು ಮುಂದೆ ಬಂದರು.

ಈ ಶನಿವಾರ ರಾತ್ರಿ ಊಟ ಆದ ಮೇಲೆ ಮತ್ತೆ ಆಟ ಇದೆ, ಹೊಸಬರೂ ಬನ್ನಿ. ಲೆವೆಲ್ ಆರಿಸೋದು ಆ ಹುಡುಗ. ಗಂಟೆ ಬಾರಿಸಿದರೆ ಈ ಸಲ ಎಲ್ಲರೂ ಓಡಿ ಹೋಗೋದು ಅಂತ ಮೊದಲೇ ಮಾತಾಗಿದೆ.